ಉಪ್ಪಿಟ್ಟು, ಲಿನಕ್ಸ್, ಬಸ್ಸಾರು

ಹೆಣ್ಣು ನೋಡಲು ಬಂದವರಿಗೆ ನಮ್ಮವರಲ್ಲಿ ಒಂದು ಕಟ್ಟುಪಾಡಿದೆ. ಉಪ್ಪಿಟ್ಟು ತಿನ್ನಬಹುದು, ಕೇಸರಿಬಾತು ತಿನ್ನಬಹುದು, ಕಾಫಿಯನ್ನು ಬೇಕಾದರೆ ಎರಡು ಸಲ ಕುಡಿಯಬಹುದು. ಅನ್ನ ಮಾತ್ರ ಉಣ್ಣುವಂತಿಲ್ಲ. ಆ ಮನೆಯ ಅನ್ನ ಉಂಡರೆ ಹೆಣ್ಣು ಒಪ್ಪಿಗೆ ಎಂದೇ ಲೆಕ್ಕ, ಆಮೇಲೆ ತಾಂಬೂಲ ಬದಲಾಯಿಸುವುದೊಂದೇ ಬಾಕಿ. ಹಾಗಾಗಿ ಊಟದ ಹೊತ್ತು ಹತ್ತಿರವಾಗುತ್ತಿದ್ದ ಹಾಗೆ ಗಂಡಿನ ಕಡೆಯವರು ಚಪ್ಪಲಿ ಹುಡುಕತೊಡಗುತ್ತಾರೆ.

ನನ್ನನ್ನು ನೋಡಿ, ಉಪ್ಪಿಟ್ಟು ತಿಂದು, ಕೈ ತೊಳೆದುಕೊಂಡು ಹೋದವರು ಸಾಕಷ್ಟು ಮಂದಿ. "ನಿನ್ ಮದ್ವೆ ಆಗೋಷ್ಟರಲ್ಲಿ ಸಾರಕ್ಕೀಲಿ ರವೆ ಸಿಗಲ್ಲ ಕಣೇ ಶ್ರೀದೇವಿ" ಎಂದು ನಮ್ಮಜ್ಜಿ ಅಕ್ಕಯಮ್ಮ ಅಣಕಿಸುತ್ತಿದ್ದಳು. ಒಬ್ಬನಿಗೆ ನನ್ನ ಬಣ್ಣ ಹಿಡಿಸಲಿಲ್ಲ. ಇನ್ನೊಬ್ಬನ ಅಕ್ಕನಿಗೆ ನನ್ನ ಬಾಯಿ ಹಿಡಿಸಲಿಲ್ಲ. ಬಾಯಿಯ ವಿಷಯದಲ್ಲಿ ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಜಯನಗರದ ಒಂದು ಟ್ರಾವೆಲ್ಸ್‌ನಲ್ಲಿ ಟಿಕೆಟ್ ಬುಕ್ ಮಾಡುವವಳು. ಇಡೀ ದಿನ ಕಿಟಕಿ ಪಕ್ಕದ ಸೀಟೇ ಬೇಕು ಎಂದು ಜಗಳ ಆಡುವವರ ಜೊತೆ ಏಗಿದರೆ ಬಾಯಿ ತಾನಾಗಿಯೇ ಬೆಳೆಯುತ್ತದೆ.

ನಮ್ಮಪ್ಪ ಗುರುಶಾಂತಪ್ಪನವರದು ಸಾರಕ್ಕಿ ಮಾರ್ಕೆಟ್ಟಿನಲ್ಲಿ ಗ್ರಂಧಿಗೆ ಅಂಗಡಿ. ವಿಭೂತಿ, ಕುಂಕುಮ, ಕರ್ಪೂರ, ಊದಿನಕಡ್ಡಿ. ಅಂಗಡಿಯ ಲೆಕ್ಕ ಇಡುತ್ತೇನೆಂದು ಒಂದು ಕಂಪ್ಯೂಟರು ತಂದರು. ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ್ದಾಯಿತು, ಕಾಯಿ ಒಡೆದದ್ದಾಯಿತು, ಲೆಕ್ಕ ಮಾತ್ರ ಇವತ್ತಿಗೂ ಅದರೊಳಗೆ ಹೋಗಿಲ್ಲ. ಅದರಲ್ಲಿದ್ದ ಇಸ್ಪೀಟಾಟ ಅಪ್ಪನ ಕಣ್ಣಿಗೆ ಬಿದ್ದದ್ದೇ ತಡ, ಭಾನುವಾರ ಬಂತೆಂದರೆ ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ ಆ ಕುರ್ಚಿಗೇ ಅಂಟಿಕೊಂಡರು. ಊಟಕ್ಕೆ ಕರೆದರೆ "ಇದೊಂದಾಟ" ಎನ್ನುವರು. ಕರೆದು ಕರೆದು ಸಾಕಾದ ಅಜ್ಜಿ, ಮಧ್ಯಾಹ್ನವಾಗುತ್ತಲೇ ಅನ್ನ ಸಾರು ಹಾಕಿದ ತಟ್ಟೆಯನ್ನು ತಾನೇ ತಂದು ಕೀಬೋರ್ಡಿನ ಪಕ್ಕ ಇಟ್ಟು ಹೋಗುವುದನ್ನು ರೂಢಿ ಮಾಡಿಕೊಂಡಳು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಎಂದರೆ ಕಿಟಾರನೆ ಕಿರುಚುತ್ತಾಳೆ. ಮನೆಯಲ್ಲಿ ಎಲ್ಲವನ್ನೂ ಅಂದಾಜಿನ ಮೇಲೇ ಮಾಡುತ್ತಾಳೆ, ಮಾಡಿದ್ದು ತಪ್ಪುವುದೂ ಕಡಿಮೆ.

ಹೀಗಿರುವಾಗ ಕಂಪ್ಯೂಟರಿಗೆ ವೈರಸ್ ಹಿಡಿಯಿತು. ಯಾರದೋ ಫ್ಲಾಪಿಯಿಂದ ಬಂದ ಪೀಡೆ. ಅಪ್ಪ ಇನ್ನೇನು ಆಟ ಗೆದ್ದರು ಎನ್ನುವಾಗ ಪರದೆ ನೀಲಿಯಾಗಿ, ಕಂಪ್ಯೂಟರು ತಾನೇ ಆರಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಅಪ್ಪ ಮಂಕಾದರು. ಅಂಗಡಿಗೆ ಕರ್ಪೂರ ಕೊಳ್ಳಲು ಬಂದವರ ಹತ್ತಿರವೂ ಅದೇ ಗೋಳು ತೋಡಿಕೊಳ್ಳುತ್ತಿದ್ದರು.

ಮೌನೇಶ ನನ್ನನ್ನು ನೋಡಲು ಬಂದದ್ದು ಆಗಲೇ. 2003ರ ಒಂದು ಭಾನುವಾರ, ಬೆಳಿಗ್ಗೆ. ಜೊತೆಗೆ ಶೋರಾಪುರದಿಂದ ಬಂದಿದ್ದ ತಾಯಿ ಶರಣಮ್ಮ, ಮತ್ತೆ ಅವನ ಸೋದರಮಾವ. ಹುಡುಗ ಬಿಟಿಎಂನಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಯಾವುದೋ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಾನೆ ಎಂದು ಅಮ್ಮ ಹೇಳಿದ್ದಳು. ಹೆಣ್ಣು ನೋಡಲು ಬರುವವನು ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ, ಮಗುವನ್ನು ಕೂರಿಸಿಕೊಂಡ ಹಾಗೆ.

ನಾನು ಕಾಫಿ ತಂದೆ. ಶರಣಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ರೊಟ್ಟಿ ಬಡೀಲಿಕ್ಕ ಬರ್ತದೇನವಾ?" ಎಂದರು.

"ಇಲ್ಲ ಆಂಟಿ. ಮುದ್ದೆ ಕಟ್ಟೋಕೆ ಬರುತ್ತೆ" ಎಂದೆ.

ಅಮ್ಮ ಬಾಗಿಲ ಹಿಂದಿನಿಂದ ನನ್ನನ್ನು ನುಂಗುವ ಹಾಗೆ ನೋಡಿದಳು. ಶರಣಮ್ಮ ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಸೋದರಮಾವ ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬೀಗವಿಲ್ಲ. "ತ್ಯಾಗರಾಜನಗರದಾಗ ಒಂದು ಹುಡುಗಿ ಅದಾಳ್ರಿ, ಬಿಜಾಪುರ ಕಡಿಯಾಕಿ. ರೊಟ್ಟಿ ಬಡದ್ರ ಹಪ್ಪಳ ಇದ್ದಂಗ ಇರ್ತಾವಂತ. ಇವತ್ತ ಅಲ್ಲೀನೂ ಹೋಗಬೇಕು, ರಾಹುಕಾಲಕ್ಕ ಮೊದಲ" ಎಂದುಬಿಟ್ಟರು.

ನನಗೆ ಮೈಯೆಲ್ಲ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ಹುಡುಗನ ಮೇಲೆ. ಅವನು ಇನ್ನೂ ನನ್ನ ಮುಖ ನೋಡಿರಲಿಲ್ಲ. ಅವನ ಕಣ್ಣು ನನ್ನ ಭುಜದ ಮೇಲಿಂದ ಹಾದು, ಸಣ್ಣ ಕೋಣೆಯಲ್ಲಿ ಆರುತ್ತಾ ಹತ್ತುತ್ತಾ ಇದ್ದ ಕಂಪ್ಯೂಟರಿನ ಮೇಲೆ ನೆಟ್ಟಿತ್ತು.

"ಅದಕ್ಕೇನಾಗೈತ್ರಿ?" ಎಂದ. ಆ ದಿನ ಅವನಾಡಿದ ಮೊದಲ ಮಾತು ಅದು.

ಅಪ್ಪನಿಗೆ ಅಷ್ಟು ಸಾಕಾಗಿತ್ತು. ಫ್ಲಾಪಿಯಿಂದ ಶುರುಮಾಡಿ, ಕೈಗೆ ಬಂದ ಆಟ ಬಾಯಿಗೆ ಬಾರದೆ ಹೋದ ಕಥೆಯನ್ನೆಲ್ಲ ಹೇಳಿ, "ನೀವು ಕಂಪ್ಯೂಟರ್ನೋರಲ್ವಾ, ಒಂಚೂರು ನೋಡ್ಬಿಡಿ" ಎಂದು ಎಬ್ಬಿಸಿಕೊಂಡೇ ಹೋದರು. "ಹೆಣ್ಣು ನೋಡಂತ ಕರಕೊಂಡು ಬಂದ್ರ ಡಬ್ಬಿ ನೋಡ್ಲಿಕ್ಕ ಹೊಂಟಾನ" ಎಂದು ಶರಣಮ್ಮ ಹಣೆ ಚಚ್ಚಿಕೊಂಡರು. "ಇಬ್ರೂ ಅಲ್ಲೇ ಮಾತಾಡ್ಕೊಳ್ಲಿ ಬಿಡಿ" ಎಂದು ಅಮ್ಮ ಆ ಕೋಣೆಗೆ ಒಂದು ಸ್ಟೂಲು ತಳ್ಳಿ ನನ್ನನ್ನು ಕೂರಿಸಿದಳು. ಬಾಗಿಲು ತೆರೆದೇ ಇತ್ತು. ಹಿರಿಯರೆಲ್ಲ ಹಾಲಿನಲ್ಲಿ ಕೂತರು.

ಮೌನೇಶ ಬ್ಯಾಗಿನಿಂದ ಮೂರು ಸಿಡಿ ತೆಗೆದ. "ಇವತ್ತ ಸಂಜೀಕ ಜಯನಗರದಾಗ ನಮ್ಮ ಲಿನಕ್ಸ್ ಮಂದಿ ಸೇರ್ತೀವ್ರಿ, ಅದಕ್ಕ ತಂದಿದ್ದೆ" ಎಂದ. ಮತ್ತೆ ಅಪ್ಪನ ಕಡೆ ತಿರುಗಿ, "ವಿಂಡೋಸ್ ಒಂದು ಕಡೆ ಇರ್ಲಿ, ಅದನ್ನ ಆಮ್ಯಾಲೆ ಸ್ವಚ್ಛ ಮಾಡೋಣಂತ. ಬಾಜೂಕ ಲಿನಕ್ಸ್ ಹಾಕ್ತೀನಿ. ಕಂಪ್ಯೂಟರ್ ಹಚ್ಚಿದ್ ಕೂಡ್ಲೆ ಯಾವ್ದು ಬೇಕಂತ ಅದೇ ಕೇಳ್ತದ" ಎಂದ.

"ಇಸ್ಪೀಟಿರುತ್ತಾ?" ಅಪ್ಪನ ಪ್ರಶ್ನೆ ಒಂದೇ.

"ಭಾಳ ಥರಾ ಇರ್ತಾವ್ರಿ."

"ಹಾಗಾದ್ರೆ ಹಾಕಿ" ಎಂದು ಅಪ್ಪ ಹಾಲಿಗೆ ಹೋದರು. ಮಗಳನ್ನು ಕೊಡುವ ವಿಷಯದಲ್ಲಿ ಅವರು ಇಷ್ಟು ಬೇಗ ತೀರ್ಮಾನಕ್ಕೆ ಬಂದಿದ್ದರೆ ನನ್ನ ಮದುವೆ ಯಾವತ್ತೋ ಆಗಿಹೋಗಿರುತ್ತಿತ್ತು.

ಮೊದಲ ಸಿಡಿ ಒಳಗೆ ಹೋಯಿತು. ಕಪ್ಪು ಪರದೆಯ ಮೂಲೆಯಲ್ಲಿ ಒಂದು ಪೆಂಗ್ವಿನ್ ಬಂದು ಕೂತುಕೊಂಡಿತು. ನಾನು ಕೈಕಟ್ಟಿಕೊಂಡು ಗುಮ್ಮನೆ ಕೂತಿದ್ದೆ. ಅವನೂ ಮಾತಾಡಲಿಲ್ಲ. ಹೆಸರು ಇಟ್ಟವರು ಬುದ್ಧಿವಂತರೇ ಎಂದುಕೊಂಡೆ. ಪರದೆ ಒಂದೊಂದೇ ಪ್ರಶ್ನೆ ಕೇಳುತ್ತಿತ್ತು, ಅವನು ಒಂದೊಂದಕ್ಕೇ ಉತ್ತರ ಒತ್ತುತ್ತಿದ್ದ. ಒಂದು ಕಡೆ ಬಂದು ನಿಂತ.

"ಕಂಪ್ಯೂಟರಿಗೆ ಒಂದು ಹೆಸರಿಡಬೇಕ್ರಿ. ಏನಂತ ಇಡೋಣ?"

"ಅಕ್ಕಯಮ್ಮ" ಎಂದೆ.

"ಯಾರ್ರಿ ಅವರು?"

"ನಮ್ಮಜ್ಜಿ. ಈ ಮನೇಲಿ ಕಣ್ಣು ಕಾಣದೆ ಎಲ್ಲಾನೂ ನಡೆಸೋದು ಅವಳೊಬ್ಬಳೇ."

ಅವನಿಗೆ ನಗು ಬಂತು. ಸದ್ದಿಲ್ಲದ ನಗು, ಆದರೆ ಭುಜ ಕುಲುಕುವಷ್ಟು. ಕಣ್ಣಲ್ಲಿ ನೀರು ಬಂತು. ಅದನ್ನು ಮುಂಗೈಯಿಂದ ಒರೆಸಿಕೊಂಡು, ಬಲು ಶ್ರದ್ಧೆಯಿಂದ ಒಂದೊಂದೇ ಅಕ್ಷರ ಒತ್ತಿ ನಮ್ಮಜ್ಜಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ. ಬರೆದದ್ದು ಸರಿಯಾಗಿದೆಯಾ ಎಂದು ನನ್ನನ್ನು ಕೇಳಿದ. ಆಗ ಮೊದಲ ಸಲ ನನ್ನ ಮುಖ ನೋಡಿದ.

ಸುತ್ತಿ ಬಳಸಿ ಹೇಳುವುದೇಕೆ, ನನಗೆ ಅವನು ಬೇಕು ಎನ್ನಿಸಿತು. ಇವನೇ ಬೇಕು, ಬೇರೆ ಯಾರೂ ಬೇಡ, ತ್ಯಾಗರಾಜನಗರದವಳ ಹಪ್ಪಳದಂಥ ರೊಟ್ಟಿ ಹಾಳಾಗಿ ಹೋಗಲಿ. ಇಷ್ಟು ಮಂದಿಗೆ ಉಪ್ಪಿಟ್ಟು ಹಂಚಿದ ಮೇಲೆ ನನಗೆ ಹೀಗಾದದ್ದು ಅದೇ ಮೊದಲು. ಅಷ್ಟರಲ್ಲಿ ಹಾಲಿನಿಂದ ಶರಣಮ್ಮನ ದನಿ ಬಂತು. "ಮುಗೀತೇನೋ ತಮ್ಮಾ? ಹೊತ್ತಾತು."

ಪರದೆ ಇನ್ನೊಂದು ಪ್ರಶ್ನೆ ಕೇಳುತ್ತಿತ್ತು. ಮೌನೇಶ ವಿವರಿಸಿದ. ಬೇಕಾದಷ್ಟನ್ನೇ ಹಾಕಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತದೆ. ಸಿಡಿಯಲ್ಲಿರುವುದನ್ನೆಲ್ಲ ಹಾಕುತ್ತ ಕೂತರೆ ಬಹಳ ಹೊತ್ತು ಹಿಡಿಯುತ್ತದೆ. "ಎಷ್ಟು ಹಾಕ್ಲಿ?"

"ಎಲ್ಲಾ ಹಾಕಿ" ಎಂದೆ.

"ಹೊತ್ತಾಗ್ತದ್ರಿ."

"ಆಗ್ಲಿ."

"ಮೂರೂ ಸಿಡಿ ಬೇಕಾಗ್ತಾವ."

"ತಂದಿದೀರಲ್ಲ?"

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಕಿವಿ ಕೆಂಪಗಾಯಿತು, ಅವನದೂ ನನ್ನದೂ. ಮತ್ತೆ ತಿರುಗಿ 'ಎಲ್ಲಾ' ಎನ್ನುವುದರ ಮೇಲೇ ಒತ್ತಿದ. ಪರದೆಯ ಮೇಲೆ ನೀಲಿ ಪಟ್ಟಿಯೊಂದು ಇರುವೆಯ ಹಾಗೆ ತೆವಳತೊಡಗಿತು.

ಅದು ತೆವಳುತ್ತಿದ್ದಷ್ಟು ಹೊತ್ತೂ ನಾವು ಮಾತಾಡಿದೆವು. ಏನು ಮಾತು ಎಂದು ಕೇಳಿದರೆ ಈಗ ಹೇಳಲಾರೆ. ಬಿಟಿಎಂನ ನೀರಿನ ಟ್ಯಾಂಕರು, ಅವನ ಮನೆ ಓನರ್ ಬೆಳಿಗ್ಗೆ ಬೆಳಿಗ್ಗೆ ಹಾಕುವ ಸುಪ್ರಭಾತ, ನನ್ನ ಕೌಂಟರಿಗೆ ಬಂದು ಮೈಸೂರಿಗೆ ಸ್ಲೀಪರ್ ಬಸ್ಸೇ ಬೇಕೆಂದು ಹಟ ಹಿಡಿದ ಗಂಡಸು. ಲಿನಕ್ಸ್ ಯಾರಪ್ಪನ ಆಸ್ತಿಯೂ ಅಲ್ಲ, ಎಲ್ಲರೂ ಸೇರಿ ಮಾಡಿದ್ದು, ಎಲ್ಲರಿಗೂ ಹಂಚುವುದು ಎಂದು ಹೇಳುವಾಗ ಅವನ ಮಾತು ಎಷ್ಟು ಸರಾಗವಾಯಿತೆಂದರೆ, ಈ ಮನುಷ್ಯನಿಗೆ ಮೌನೇಶ ಎಂದು ಹೆಸರಿಟ್ಟವರು ಯಾರಪ್ಪ ಎನ್ನಿಸಿತು. "ಅಂದ್ರೆ ದಾಸೋಹ ಅನ್ನಿ" ಎಂದೆ. "ಖರೇನ ಅದೇ ನೋಡ್ರಿ!" ಎಂದು ಕುರ್ಚಿಯಿಂದಲೇ ಎದ್ದುಬಿಟ್ಟ.

ಎದ್ದವನು ಹಾಗೇ ನಿಂತ. ಪಟ್ಟಿ ತೆವಳುವುದನ್ನು ನಿಲ್ಲಿಸಿತ್ತು. ಎರಡನೆಯ ಸಿಡಿಯನ್ನು ಓದಲಾಗುತ್ತಿಲ್ಲ ಎಂದು ಪರದೆ ಹೇಳುತ್ತಿತ್ತು.

ಸಿಡಿಯನ್ನು ಹೊರತೆಗೆದು ಬೆಳಕಿಗೆ ಹಿಡಿದ. ಮೇಲೆಲ್ಲ ಗೀರು. ಅಂಗಿಯ ತುದಿಯಿಂದ ಒರೆಸಿ ಹಾಕಿದ, ಓದಲಿಲ್ಲ. ಮತ್ತೆ ಒರೆಸಿ ಹಾಕಿದ, ಇಲ್ಲ. ಹಾಲಿನಲ್ಲಿದ್ದವರಿಗೆಲ್ಲ ವಾಸನೆ ಹತ್ತಿ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಇಣುಕಿದರು.

"ಅರ್ಧಕ್ಕ ಬಿಟ್ರ ಏನಾಗ್ತದೋ?" ಸೋದರಮಾವ ಕೇಳಿದರು.

"ಹಳೇದೂ ಏಳಂಗಿಲ್ಲ, ಹೊಸಾದೂ ಏಳಂಗಿಲ್ಲ" ಎಂದ ಮೌನೇಶ.

ಅಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡರು. ಶರಣಮ್ಮನ ಕೈಯಲ್ಲಿ ಆಗಲೇ ಚಪ್ಪಲಿ. ಮನೆಯ ಯಜಮಾನನ ಇಸ್ಪೀಟನ್ನೇ ಕಳೆದವನಿಗೆ ಮಗಳನ್ನು ಯಾರು ಕೊಡುತ್ತಾರೆ? ನನಗೆ ಅಳು ಬರುವುದೊಂದೇ ಬಾಕಿ.

ಆಗ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಏನಾಯಿತೆಂದು ಕೇಳಿ, ಸಿಡಿ ಎನ್ನುವ ತಟ್ಟೆ ಗೀರಾಗಿದೆ ಎಂದು ತಿಳಿದು, "ಬೆಳ್ಳಿ ತಟ್ಟೆ ಮಾಸಿದ್ರೆ ನಾವೇನ್ ಎಸೀತೀವಾ? ವಿಭೂತಿ ಹಾಕಿ ತಿಕ್ಕಿ" ಎಂದಳು. "ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದ್ದು ನೋಡೀನಿ. ಇದನ್ನ ನೋಡಿಲ್ಲ" ಎಂದು ಮೌನೇಶ ಗೊಣಗಿದ. ಅಪ್ಪ ದೇವರ ಮನೆಗೆ ಓಡಿ ವಿಭೂತಿ ಗಟ್ಟಿ ತಂದರು. ಬೆರಳಿನಲ್ಲಿ ನುಣ್ಣಗೆ ಪುಡಿ ಮಾಡಿ, ಎರಡು ಹನಿ ನೀರು ಹಾಕಿ, ಹತ್ತಿಯಲ್ಲಿ ಅದ್ದಿ, ಅವನು ಸಿಡಿಯನ್ನು ಒಳಗಿನಿಂದ ಹೊರಕ್ಕೆ ಮೆಲ್ಲಗೆ ಉಜ್ಜಿದ. ಅಮ್ಮ ಕೈಮುಗಿದು ನಿಂತಳು. ಶರಣಮ್ಮನೂ ತಮಗೆ ಗೊತ್ತಿಲ್ಲದೆಯೇ ಚಪ್ಪಲಿ ಕೆಳಗಿಟ್ಟು ಕೈಮುಗಿದರು.

ಸಿಡಿ ಒಳಗೆ ಹೋಗಿ ಗರಗರ ಎಂದಿತು. ಪಟ್ಟಿ ಒಂದು ಕೂದಲೆಳೆಯಷ್ಟು ಮುಂದಕ್ಕೆ ಸರಿಯಿತು.

"ನಮ್ಮಂಗಡೀದು ಸ್ವಾಮಿ! ಒರಿಜಿನಲ್ ವಿಭೂತಿ!" ಎಂದು ಅಪ್ಪ ಕುಣಿದರು. ಸೋದರಮಾವ ಎರಡು ಗಟ್ಟಿ ಕಟ್ಟಿಕೊಡಿ ಎಂದು ಅಲ್ಲೇ ಹೇಳಿಬಿಟ್ಟರು.

ಇಷ್ಟೆಲ್ಲ ಆಗುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿತ್ತು. ಅಡುಗೆಮನೆಯಲ್ಲಿ ಅಮ್ಮನ ಹುರುಳಿಕಾಳು ಬಸ್ಸಾರು ಒಗ್ಗರಣೆ ಬಿದ್ದು ಮನೆಯೆಲ್ಲ ಘಮ್ಮೆಂದಿತು. ಹಾಲಿನಲ್ಲಿ ಸೋದರಮಾವನ ಹೊಟ್ಟೆ ಗುರುಗುಟ್ಟಿದ್ದು ಒಳಗೆ ಕೇಳಿಸಿತು. ಆದರೂ ಯಾರೂ ಊಟದ ಸುದ್ದಿ ಎತ್ತಲಿಲ್ಲ. ಎತ್ತುವಂತೆಯೂ ಇರಲಿಲ್ಲ. "ಇದು ಮುಗೀತಲೇ ಎದ್ದುಬಿಡು, ತ್ಯಾಗರಾಜನಗರದವರು ಕಾಯ್ಲಿಕತ್ತಿರ್ತಾರ" ಎಂದು ಶರಣಮ್ಮ ಕೂತಲ್ಲಿಂದಲೇ ಕೂಗಿದರು. ಆ ಮಾತಿಗೆ ನನ್ನ ಹಿಗ್ಗೆಲ್ಲ ಇಳಿದುಹೋಯಿತು. ಮೂರನೆಯ ಸಿಡಿ ಅರ್ಧ ಮುಗಿದಿತ್ತು. ಇನ್ನೆಷ್ಟು ಹೊತ್ತು ಹಿಡಿದಿಟ್ಟುಕೊಳ್ಳಲಿ? ನನ್ನ ಹತ್ತಿರ ನಾಲ್ಕನೆಯ ಸಿಡಿ ಇರಲಿಲ್ಲ.

ನಾನು ನೀರು ತರಲೆಂದು ಎದ್ದು ಹೋಗಿ, ಹಿತ್ತಲಲ್ಲಿ ಒಂದಿಷ್ಟು ಹೊತ್ತು ನಿಂತೆ. ವಾಪಸ್ಸು ಬರುವಾಗ ನೋಡುತ್ತೇನೆ, ಅಜ್ಜಿ ಆಗಲೇ ಆ ಕೋಣೆಯಿಂದ ಬಂದು ಹೊರಗೆ ಗೋಡೆಗೊರಗಿ ಕೂತಿದ್ದಾಳೆ. ಅಪ್ಪನ ಊಟದ ತಟ್ಟೆಯನ್ನು ಒಳಗಿಟ್ಟಾಗಿದೆ. ಭಾನುವಾರ, ಮಧ್ಯಾಹ್ನ, ಆ ಕುರ್ಚಿಯಲ್ಲಿ ಒಬ್ಬ ಗಂಡಸು, ಮುಂದೆ ಬೆಳಗುವ ಪರದೆ. ಅಜ್ಜಿ ತನ್ನ ರೂಢಿಯಂತೆ ಅನ್ನ, ಬಸ್ಸಾರು, ಮೇಲೊಂದು ಚಮಚ ತುಪ್ಪ ಹಾಕಿ ಕೀಬೋರ್ಡಿನ ಪಕ್ಕ ಇಟ್ಟು, "ಆರೋಗುತ್ತೆ, ತಿನ್ನು" ಎಂದು ಬೆನ್ನು ತಟ್ಟಿ ಬಂದಿದ್ದಳು.

ನಾನು ಒಳಗೆ ನುಗ್ಗಿದೆ. ತಡವಾಗಿತ್ತು. ಮೌನೇಶ ಪರದೆಯಿಂದ ಕಣ್ಣು ತೆಗೆಯದೆ, ಬಲಗೈಯಿಂದ ಕಲಸಿ, ತುತ್ತು ಮಾಡಿ, ಬಾಯಿಗೆ ಹಾಕಿಕೊಂಡಾಗಿತ್ತು. ಒಂದಲ್ಲ. ತಟ್ಟೆಯಲ್ಲಿ ಅರ್ಧ ಅನ್ನ ಖಾಲಿ.

"ರೀ," ಎಂದು ಪಿಸುಗುಟ್ಟಿದೆ. "ಅದು ಅನ್ನ."

ಅವನು ಕೈಯನ್ನು ನೋಡಿಕೊಂಡ. ತಟ್ಟೆಯನ್ನು ನೋಡಿದ. ಅಗಿಯುವುದು ನಿಂತಿತು.

"ನಮ್ಮಲ್ಲಿ ಮದ್ವೆ ಗೊತ್ತಾಗೋಕ್ ಮುಂಚೆ ಅನ್ನ ಉಣ್ಣಂಗಿಲ್ಲ" ಎಂದೆ. "ಅಜ್ಜಿಗೆ ಕಣ್ಣು ಕಾಣಲ್ಲ. ಅಪ್ಪ ಅಂದ್ಕೊಂಡ್ಳು. ಬಿಟ್ಬಿಡಿ, ನಾನ್ಯಾರಿಗೂ ಹೇಳಲ್ಲ."

"ನಮ್ಮಲ್ಲೂ ಉಣ್ಣಂಗಿಲ್ರಿ" ಎಂದ.

ಬಾಯಲ್ಲಿದ್ದ ತುತ್ತನ್ನು ನುಂಗಿದ. ನೀಲಿ ಪಟ್ಟಿ ತುದಿಗೆ ಬಂದಿತ್ತು. ಅದನ್ನು ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅಷ್ಟರಲ್ಲಿ ಬಾಗಿಲಿಗೆ ಬಂದ ಶರಣಮ್ಮ ತಟ್ಟೆ ಕಂಡು, "ಅಯ್ಯ ಶಿವನ! ಉಂಡೀ ಏನೋ?" ಎಂದು ಕೂಗಿದರು. ಅವರ ಹಿಂದೆ ಸೋದರಮಾವ, ಅವರ ಹಿಂದೆ ಅಪ್ಪ, ಅಮ್ಮ.

ಶರಣಮ್ಮನೇ ಸಾವರಿಸಿಕೊಂಡರು. "ಹುಡುಗನ ಲಕ್ಷ್ಯ ಎಲ್ಲೋ ಇತ್ತು, ನೋಡ್ರಿ. ಗೊತ್ತಿಲ್ದ ಉಂಡದ್ದು ಲೆಕ್ಕಕ್ಕಿಲ್ಲ. ಏಳು, ಕೈ ತೊಳಕೋ."

ಮೌನೇಶ ಏಳಲಿಲ್ಲ. ತಟ್ಟೆಯನ್ನು ಎತ್ತಿ ನನ್ನ ಕಡೆ ಚಾಚಿದ.

"ಇನ್ನೊಂಚೂರು ಸಾರು ಹಾಕ್ರಿ" ಎಂದ. "ಈಗ ಗೊತ್ತದ."

ನಾನು ಅಡುಗೆಮನೆಗೆ ನಡೆದುಕೊಂಡು ಹೋದೆನೋ ಹಾರಿಕೊಂಡು ಹೋದೆನೋ ತಿಳಿಯದು. ಪಾತ್ರೆಯನ್ನೇ ಎತ್ತಿಕೊಂಡು ಬಂದು ಬಗ್ಗಿಸಿದೆ. ತಟ್ಟೆ ತುಂಬಿ ಕೀಬೋರ್ಡಿಗೂ ಒಂದಿಷ್ಟು ಚೆಲ್ಲಿತು. ಆ ಹೊತ್ತಿಗೇ ಕಂಪ್ಯೂಟರು ಆರಿ ಹತ್ತಿಕೊಂಡು, ಯಾವುದು ಬೇಕು, ಹಳೆಯದೋ ಹೊಸದೋ ಎಂದು ಕೇಳಿತು. ಅವನು ಎಡಗೈಯಿಂದ ಹೊಸದನ್ನು ಒತ್ತಿದ, ಬಲಗೈಯಿಂದ ಅನ್ನ ಕಲಸಿದ.

ಶರಣಮ್ಮ ಮಗನ ಮುಖ ನೋಡಿದರು. "ನನ್ನ ಮಗ ಎರಡ್ನೇ ಸಲ ಬಡಿಸ್ಕೊಂಡದ್ದು ನಾ ಹುಟ್ಟಿದಾಗಿಂದ ನೋಡಿಲ್ಲ" ಎಂದರು. ಹುಟ್ಟಿದ್ದು ಯಾರು ಎಂಬುದನ್ನು ಯಾರೂ ತಿದ್ದಲು ಹೋಗಲಿಲ್ಲ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, "ನನಗೂ ಹಾಕವಾ, ಹಸಿವ್ಯಾಗಿ ಜೀವ ಹೋಗ್ಲಿಕತ್ತದ" ಎಂದರು. ನಾನು ಬಡಿಸುವಾಗ ನನ್ನ ಮಣಿಕಟ್ಟು ಹಿಡಿದು ತಿರುಗಿಸಿ ನೋಡಿ, "ಕೈ ಗಟ್ಟಿ ಅದಾವ. ರೊಟ್ಟಿ ನಾ ಕಲಿಸ್ತೀನಿ" ಎಂದರು. "ಮುದ್ದೆ ನಾನ್ ಕಲಿಸ್ತೀನಿ" ಎಂದೆ. ಬಾಯಿ ಸುಮ್ಮನಿರಬೇಕಲ್ಲ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಗೊಳ್ಳೆಂದು ನಕ್ಕರು.

ಅಪ್ಪ ಮಾತ್ರ ಊಟಕ್ಕೆ ಬರಲಿಲ್ಲ. ಭಾವಿ ಅಳಿಯನನ್ನು ಕುರ್ಚಿಯಿಂದ ಎಬ್ಬಿಸಿ ತಾವು ಕೂತು, "ಲೇ ಕಮಲಾ, ಬಾರೆ ಇಲ್ಲಿ, ಹತ್ತು ಥರದ ಇಸ್ಪೀಟಿದೆ ಕಣೇ!" ಎಂದು ಅಮ್ಮನನ್ನು ಕರೆಯುತ್ತಿದ್ದರು.

ಸೋದರಮಾವ ಕೈ ತೊಳೆದು ಬಂದು ನಮ್ಮ ಫೋನಿನಿಂದ ತ್ಯಾಗರಾಜನಗರಕ್ಕೆ ಕರೆ ಮಾಡಿದರು. ಏನು ನೆಪ ಹೇಳುತ್ತಾರೋ ಎಂದು ನಾವೆಲ್ಲ ಕಿವಿ ನಿಮಿರಿಸಿ ನಿಂತೆವು. ಅವರಿಗೆ ನೆಪ ಹೇಳಲು ಎಲ್ಲಿ ಬರಬೇಕು?

"ಬರೂದಾಗಂಗಿಲ್ರಿ," ಎಂದರು. "ಹುಡುಗ ಇಲ್ಲಿ ಉಂಡುಬಿಟ್ಟಾನ."

ಆ ಕಡೆಯವರೂ ನಮ್ಮವರೇ. ಯಾಕೆ, ಏನು ಎಂದು ಒಂದು ಮಾತೂ ಕೇಳಲಿಲ್ಲ. ಏನೋ ಒಂದೇ ಪ್ರಶ್ನೆ ಕೇಳಿದ ಹಾಗಿತ್ತು. ಸೋದರಮಾವ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ಏನು ಸಾರಂತ ಕೇಳ್ಲಿಕತ್ತಾರ" ಎಂದರು.